ಹಳೇ ಕಂಬಿ, ಹೊಸ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಮನೆ ಕೆಡವುವ ಬಗ್ಗೆಯೇ ಇವೆ. ಮಳೆ ನಿಂತಿದೆ, ಕಾಫಿ ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇದೆ. ನಮ್ಮ ಕಡೆ ಮನೆ ಕೆಲಸಕ್ಕೆ ಕೈ ಹಾಕುವುದು ಇದೇ ಹೊತ್ತಿನಲ್ಲಿ ಅಲ್ವಾ? ಹಾಗಾಗಿ ಕಬ್ಬಿಣ, ಗುಜರಿ, ಶೀಟು, ವೈರಿನ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆ 1984ರಲ್ಲಿ ಕಟ್ಟಿಸಿದ ಮೋಲ್ಡ್ ಮನೆ ಕೆಡವುತ್ತಿದ್ದೇವೆ. ತುಂಬಾ ಕಂಬಿ ಸಿಗುತ್ತಿದೆ. ನೆಟ್ಟಗೆ ಮಾಡಿ ಹೊಸ ಮನೆಗೇ ಹಾಕೋಣ, ದುಡ್ಡು ಉಳಿಯುತ್ತೆ ಅಂತಾರೆ ಮೇಸ್ತ್ರಿ. ಹಾಕಬಹುದಾ ಸರ್? (ಮೂಡಿಗೆರೆಯಿಂದ)

ಉತ್ತರ: ಬೇಡ. ಮೋಲ್ಡಿಗೆ, ಬೀಮಿಗೆ, ಪಿಲ್ಲರಿಗೆ ಖಂಡಿತ ಬೇಡ.

ನಿಮ್ಮ ಕಂಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಮೈಮೇಲಿನ ಏಣು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಹೋಗಿದ್ದರೆ ಅದು ಆ ಕಾಲದ ಟಾರ್ ಸ್ಟೀಲ್. ಆಗ ಕಂಬಿಯನ್ನು ತಣ್ಣಗಿರುವಾಗಲೇ ತಿರುಚಿ ಗಟ್ಟಿ ಮಾಡುತ್ತಿದ್ದರು. ಗಟ್ಟಿಯಾಗುತ್ತಿತ್ತು, ನಿಜ. ಆದರೆ ಎಳೆದರೆ ಹಿಗ್ಗುವ ಗುಣದಲ್ಲಿ ಒಂದು ಪಾಲು ಫ್ಯಾಕ್ಟರಿಯಲ್ಲೇ ಖರ್ಚಾಗಿ ಹೋಗಿರುತ್ತಿತ್ತು. ಈಗ ಬ್ರೇಕರ್ ಹಾಕಿ ಒಡೆಯುವಾಗ ಅದು ಮತ್ತೆ ಡೊಂಕಾಗಿದೆ, ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದರೆ ಮೂರನೇ ಪೆಟ್ಟು. ಬೈಂಡಿಂಗ್ ವೈರನ್ನು ನಾಲ್ಕು ಸಲ ಆಚೆ ಈಚೆ ಬಗ್ಗಿಸಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಕಂಬಿ ಅಷ್ಟು ಬೇಗ ತುಂಡಾಗುವುದಿಲ್ಲ, ಆದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತದೆ. ಒಳ್ಳೆ ಕಂಬಿ ಮುರಿಯುವ ಮೊದಲು ಹಿಗ್ಗುತ್ತದೆ, ಮೋಲ್ಡು ಜೋತು ಬೀಳುತ್ತದೆ, ಬಿರುಕು ಕಾಣುತ್ತದೆ, ಒಳಗಿದ್ದವರು ಹೊರಗೆ ಓಡಲು ಹೊತ್ತು ಸಿಗುತ್ತದೆ. ಆ ಹೊತ್ತಿಗಾಗಿಯೇ ನಾವು ಒಳ್ಳೆ ಕಂಬಿಗೆ ದುಡ್ಡು ಕೊಡುವುದು.

ತುಕ್ಕಿನ ಲೆಕ್ಕವನ್ನೂ ನೋಡಿ. ಹತ್ತು ಎಂ.ಎಂ. ಕಂಬಿ ತುಕ್ಕು ತಿಂದು ಒಂಬತ್ತಾಗಿದ್ದರೆ ಹೋಗಿದ್ದು ಬರೀ ಒಂದು ಎಂ.ಎಂ. ಅಂತ ಅನಿಸುತ್ತೆ. ಆದರೆ ಭಾರ ಎಳೆಯುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ. ಅದು ನೂರಕ್ಕೆ 81ಕ್ಕೆ ಇಳಿದಿರುತ್ತದೆ. ಐದರಲ್ಲಿ ಒಂದು ಪಾಲು ಬಲ ಸುಮ್ನೆ ಹೋಯಿತು. ಜೊತೆಗೆ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ, ಒಳಗಿಂದಲೇ ಕಾಂಕ್ರೀಟನ್ನು ಒದ್ದು ಉದುರಿಸುತ್ತದೆ. ಹಾಸನದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಹಳೇ ಕಂಬಿ ಹಾಕಿ ಕಟ್ಟಿದ ಚಜ್ಜಾ ಕೆಲವೇ ವರ್ಷಕ್ಕೆ ಅಡಿಯಿಂದ ಪದರ ಪದರವಾಗಿ ಎದ್ದಿತ್ತು, ಅದರ ಕೆಳಗೇ ಅಜ್ಜಿಯೊಬ್ಬರು ಕೂತು ಅಡಿಕೆ ಸುಲಿಯುತ್ತಿದ್ದರು. ಅವರನ್ನು ಒಳಗೆ ಕರೆಸುವವರೆಗೆ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಂತ ಎಲ್ಲವನ್ನೂ ಗುಜರಿಗೆ ಹಾಕಬೇಡಿ. ನೆಟ್ಟಗಿರುವ ಉದ್ದ ಕಂಬಿ ಕಾಫಿ ನರ್ಸರಿಯ ಚಪ್ಪರಕ್ಕೆ, ತೋಟದ ಗೇಟಿಗೆ, ನಾಯಿಗೂಡಿಗೆ ಚೆನ್ನಾಗಿ ಆಗುತ್ತದೆ. ಮನೆಯಲ್ಲಿ ಗರ್ಡರ್ ಇದ್ದರೆ ಅದು ನಿಜವಾದ ಆಸ್ತಿ. ತುಕ್ಕು ಕೆರೆಸಿ, ಇಂಜಿನಿಯರಿಗೆ ದಪ್ಪ ಅಳೆಸಿ, ಅಟ್ಟಕ್ಕೋ ಕಾರ್ ಶೆಡ್ಡಿಗೋ ಹಾಗೇ ಬಳಸಬಹುದು. ಕರಗಿಸದೆ ಬಳಸುವುದಕ್ಕಿಂತ ಒಳ್ಳೆ ಮರುಬಳಕೆ ಇನ್ನೊಂದಿಲ್ಲ. ಹಳೇ ಎಸ್ಟೇಟ್ ಬಂಗಲೆಗಳಲ್ಲಿ ರೈಲು ಕಂಬಿಯನ್ನೇ ತೊಲೆ ಮಾಡಿರುವುದುಂಟು. ಅಂಥದ್ದು ಸಿಕ್ಕಿದರೆ ಒಂದು ಎಚ್ಚರ: ರೈಲು ಕಂಬಿಯಲ್ಲಿ ಇಂಗಾಲ ಜಾಸ್ತಿ. ನಮ್ಮೂರ ಸಾಮಾನ್ಯ ವೆಲ್ಡಿಂಗ್ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಗಾಜಿನ ಹಾಗೆ ಬಿರಿಯಬಹುದು. ಅದಕ್ಕೆ ಬೆಸುಗೆ ಬೇಡ, ಗೋಡೆಯ ಮೇಲೆ ಕೂರಿಸಿ ಬಳಸಿ. ಹಿತ್ತಾಳೆ ಚಿಲಕ, ಬಿಜಾಗರಿಗಳನ್ನು ದಯವಿಟ್ಟು ತೂಕಕ್ಕೆ ಮಾರಬೇಡಿ. ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ ಕೊಟ್ಟದ್ದು. ಅಂಟದೆ ತೂಕವಾಗಿದ್ದರೆ ಹುಣಸೆಹಣ್ಣಲ್ಲಿ ಉಜ್ಜಿ ಹೊಸ ಬಾಗಿಲಿಗೆ ಹಾಕಿಸಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಪ್ರಶ್ನೆ: ಗುಜರಿ ಕರಗಿಸಿ ಮಾಡಿದ ಕಂಬಿ ಕಳಪೆ, ಅದಿರಿನಿಂದ ಮಾಡಿದ್ದನ್ನೇ ತಗೋಬೇಕು ಅಂತ ಅಂಗಡಿಯವರು ಹೇಳಿದರು. ನಿಜವಾ? (ಚಿಕ್ಕಮಗಳೂರಿನಿಂದ)

ಉತ್ತರ: ಅರ್ಧ ನಿಜ. ಕಬ್ಬಿಣವನ್ನು ಎಷ್ಟು ಸಲ ಕರಗಿಸಿದರೂ ಅದು ಕಬ್ಬಿಣವೇ. ಕಾಗದದ ಹಾಗೆ ಸಲಸಲಕ್ಕೂ ಸವೆಯುವುದಿಲ್ಲ. ತೊಂದರೆ ಬರುವುದು ಅದರ ಜೊತೆ ಸೇರಿಕೊಂಡ ಬೇರೆಯವುಗಳಿಂದ. ಬರೀ ಇಂಡಕ್ಷನ್ ಕುಲುಮೆಯಲ್ಲಿ, ಅಂದರೆ ಕರೆಂಟಿನಿಂದ ಕಾಯುವ ಕುಲುಮೆಯಲ್ಲಿ, ಕರಗಿಸಿದರೆ ರಂಜಕ, ಗಂಧಕ ಹೆಚ್ಚುಕಡಿಮೆ ಹಾಗೇ ಉಳಿದುಬಿಡುತ್ತವೆ. ಇವು ಜಾಸ್ತಿಯಾದರೆ ಕಂಬಿ ಪೆಡಸಾಗುತ್ತದೆ. ಕರಗಿಸಿದ ಮೇಲೆ ಶುದ್ಧ ಮಾಡುವ ಏರ್ಪಾಡಿರುವ ಕಾರ್ಖಾನೆಗಳಲ್ಲಿ ಇವನ್ನು ತೆಗೆಯುತ್ತಾರೆ. ತಾಮ್ರದ ಕಥೆ ಇನ್ನೂ ಕಷ್ಟ. ಕರಗಿದ ಉಕ್ಕಿಗೆ ತಾಮ್ರ ಸೇರಿತು ಅಂದರೆ ಮತ್ತೆ ತೆಗೆಯಲು ಆಗುವುದೇ ಇಲ್ಲ ಅನ್ನಬಹುದು. ಕೆಟ್ಟ ಪಂಪ್ ಮೋಟರನ್ನು ಕಬ್ಬಿಣದ ರಾಶಿಗೆ ಎಸೆಯಬೇಡಿ, ಬೇರೆಯಾಗಿ ಕೊಡಿ ಅಂತ ನಾನು ಗೋಗರೆಯುವುದು ಇದಕ್ಕೇ. ಆ ತಾಮ್ರ ನಾಳೆ ಯಾರದೋ ಮನೆಯ ಕಂಬಿಯೊಳಗೆ ಇರುತ್ತದೆ.

ಅಂಗಡಿಯಲ್ಲಿ ನೀವು ಕೇಳಬೇಕಾದ್ದು ಅದಿರಾ ಗುಜರಿಯಾ ಅಂತ ಅಲ್ಲ. ಕಂಬಿಯ ಮೇಲೆ ಐಎಸ್ಐ ಗುರುತು, ಐಎಸ್ 1786 ಅನ್ನುವ ಕಂಬಿಯ ಮಾನದಂಡದ ಸಂಖ್ಯೆ ಇದೆಯಾ, ಟೆಸ್ಟ್ ಸರ್ಟಿಫಿಕೇಟ್ ಕೊಡುತ್ತಾರಾ ಕೇಳಿ. ಗ್ರೇಡು ಎಫ್ಇ 500 ಡಿ ಸಿಕ್ಕಿದರೆ ಒಳ್ಳೆಯದು. 500 ಅನ್ನುವುದು ಬಲದ ಅಳತೆ, ಡಿ ಅಂದರೆ ಹೆಚ್ಚು ಹಿಗ್ಗುವ ಕಂಬಿ. ಬರೀ 500 ಕಂಬಿ ಮುರಿಯುವ ಮೊದಲು ಕನಿಷ್ಠ ನೂರಕ್ಕೆ 12 ಹಿಗ್ಗಬೇಕು, ಡಿ ಇದ್ದರೆ 16. ಅದರಲ್ಲಿ ರಂಜಕ, ಗಂಧಕದ ಮಿತಿಯೂ ಬಿಗಿ. ಆಮೇಲೆ ತೂಕ ಹಾಕಿಸಿ. ಎಂ.ಎಂ.ನಲ್ಲಿರುವ ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 12 ಎಂ.ಎಂ. ಕಂಬಿಯ 12 ಮೀಟರ್ ಉದ್ದಕ್ಕೆ ಸುಮಾರು 10.7 ಕೆ.ಜಿ. ಇರಬೇಕು. ಒಂಬತ್ತು ತೂಗಿದರೆ ವಾಪಸ್ ಕಳಿಸಿ, ಮುಲಾಜು ನೋಡಬೇಡಿ.

ಇನ್ನೊಂದು ಮಾತು. ಅದಿರಿನ ಬೆಲೆ ಏನು ಅಂತ ನಿಮ್ಮ ಜಿಲ್ಲೆಗೆ ಗೊತ್ತಿರುವಷ್ಟು ಬೇರೆ ಊರಿಗೆ ಗೊತ್ತಿಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ತಂತಿಹಾದಿಯ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿಸಿ ಸಾಗಿಸುತ್ತಿದ್ದರು. ಕರಗಿಸಲು ಇದ್ದಿಲು ಬೇಕಲ್ಲ, ಅದು ಬಂದದ್ದು ಮಲೆನಾಡಿನ ಮರಗಳಿಂದ. ಆಮೇಲೆ ಕುದುರೆಮುಖ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಬೆಟ್ಟ ಅಗೆದು, ಪುಡಿ ಮಾಡಿ, ಕಬ್ಬಿಣದ ಪಾಲನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿ, ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ನಿಲ್ಲಿಸಿದರು. ಭದ್ರೆ ಹುಟ್ಟುವ ಬೆಟ್ಟಸಾಲು ಅದು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಒಂದು ಟನ್ ಗುಜರಿ ಕರಗಿಸಿದರೆ ಸುಮಾರು 1.4 ಟನ್ ಅದಿರು, 740 ಕೆ.ಜಿ. ಕಲ್ಲಿದ್ದಲು ಉಳಿಯುತ್ತದೆ. ಗುಜರಿ ಕಂಬಿ ಅಂದಕೂಡಲೇ ಮುಖ ಸಿಂಡರಿಸುವವರು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ.

ಪ್ರಶ್ನೆ: ಹೆಂಚು ತೆಗೆದು ಶೀಟ್ ಹಾಕಿಸಿದೆವು. ನಾಲ್ಕೇ ಮಳೆಗೆ ಅಲ್ಲಲ್ಲಿ ತುಕ್ಕು. ಶೀಟೇ ಮೋಸವಾ? (ಸಕಲೇಶಪುರದಿಂದ)

ಉತ್ತರ: ಶೀಟ್ ತೆಳು ಲೇಪದ್ದೂ ಇರಬಹುದು. ಸತುವಿನ ಲೇಪ ಒಂದು ಚದರ ಮೀಟರಿಗೆ 120 ಗ್ರಾಂ ಇದ್ದದ್ದೂ ಸಿಗುತ್ತದೆ, 275 ಇದ್ದದ್ದೂ ಸಿಗುತ್ತದೆ, ನೋಡಲು ಎರಡೂ ಒಂದೇ ತರ. ನಿಮ್ಮ ಕಡೆಯ ಮಳೆಗೆ ಎರಡನೆಯದೇ ಬೇಕು, ಇಲ್ಲವೇ ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ ಲೇಪದ್ದು. ಆದರೆ ತುಕ್ಕು ಎಲ್ಲಿದೆ ಅಂತ ಮೊದಲು ಹತ್ತಿ ನೋಡಿಸಿ. ಸ್ಕ್ರೂ ಸುತ್ತ ಇದ್ದರೆ ಡ್ರಿಲ್ ಮಾಡಿದಾಗ ಬಿದ್ದ ಕಬ್ಬಿಣದ ಪುಡಿ ಗುಡಿಸದೆ ಬಿಟ್ಟಿದ್ದಾರೆ. ತುದಿಯಲ್ಲಿದ್ದರೆ ಕಟರ್ ಚಕ್ರದಲ್ಲಿ ಕೊಯ್ದು ಲೇಪ ಸುಟ್ಟಿದ್ದಾರೆ. ಗೋಡೆ ಸೇರುವ ಕಡೆ ಇದ್ದರೆ ಹಸಿ ಸಿಮೆಂಟ್ ತಾಗಿದೆ, ಅದು ಸತುವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಸಿಲ್ವರ್ ಓಕ್ ಎಲೆ ಬಿದ್ದು ಕೊಳೆಯುವ ಮೂಲೆ, ಅಡಿಯಲ್ಲಿ ಗೊಬ್ಬರದ ಚೀಲ ಪೇರಿಸಿದ ಜಾಗ, ಇವೂ ಬೇಗ ಹೋಗುತ್ತವೆ. ತುಕ್ಕು ತೂತಾಗಿಲ್ಲದಿದ್ದರೆ ಉಜ್ಜಿಸಿ ಸತುವಿರುವ ಪ್ರೈಮರ್ ಹಚ್ಚಿಸಿ, ಇಡೀ ಶೀಟ್ ಬದಲಿಸುವ ಅಗತ್ಯ ಇಲ್ಲ. ತೆಗೆದ ಹೆಂಚು ಇನ್ನೂ ಇಟ್ಟಿದ್ದೀರಿ ತಾನೇ? ಇಟ್ಟುಕೊಳ್ಳಿ.

ಪ್ರಶ್ನೆ: ಹಳೇ ಕಿಟಕಿಯ ಗ್ರಿಲ್ ಗಟ್ಟಿಯಾಗಿದೆ. ಬಣ್ಣ ಉಜ್ಜಿ ಹೊಸ ಮನೆಗೆ ಹಾಕಬಹುದಾ? ಹಳೇ ವೈರಿಂಗನ್ನು ಸುಟ್ಟು ತಾಮ್ರ ತೆಗೆಯೋಣ ಅಂತ ಹುಡುಗರು ಹೇಳುತ್ತಿದ್ದಾರೆ. (ಬೇಲೂರಿನಿಂದ)

ಉತ್ತರ: ಗ್ರಿಲ್ ಧಾರಾಳವಾಗಿ ಹಾಕಿ. ಆದರೆ ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವ ಜಾಸ್ತಿ. ನಮ್ಮಲ್ಲಿ ಮನೆಬಣ್ಣದ ಸೀಸಕ್ಕೆ ಬಿಗಿ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಒಣ ಉಜ್ಜುವುದು ಬೇಡ. ನೀರು ಹಾಕಿ ಉಜ್ಜಿಸಿ, ಉಜ್ಜುವವರಿಗೆ ಒಳ್ಳೆ ಮಾಸ್ಕ್ ಕೊಡಿ, ಕೆಳಗೆ ಟಾರ್ಪಾಲು ಹಾಸಿ. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಆ ಪುಡಿ ಬಾವಿಕಟ್ಟೆ ಹತ್ತಿರವಂತೂ ಬೀಳಲೇಬಾರದು.

ವೈರು ಮಾತ್ರ ಸುಡಬೇಡಿ. ಆ ಪ್ಲಾಸ್ಟಿಕ್ ಸುಟ್ಟರೆ ಏಳುವ ಹೊಗೆಯಲ್ಲಿ ಆಮ್ಲ ಇರುತ್ತದೆ, ಡಯಾಕ್ಸಿನ್ ಅನ್ನುವ ವಿಷ ಇರುತ್ತದೆ, ಎರಡೂ ಸುಡುವ ಹುಡುಗರ ಎದೆಗೇ ಮೊದಲು ಹೋಗುವುದು. ಸುಟ್ಟ ತಾಮ್ರ ಕರ್ರಗಾಗುವುದರಿಂದ ಗುಜರಿಯಲ್ಲಿ ದರವೂ ಇಳಿಯುತ್ತದೆ. ಚಾಕುವಿನಲ್ಲಿ ಸಿಪ್ಪೆ ಸೀಳಿದರೆ ಹೊಳೆಯುವ ತಾಮ್ರವೇ ಸಿಗುತ್ತದೆ, ಅದಕ್ಕೆ ಬೆಲೆ ಜಾಸ್ತಿ. ಪುರುಸೊತ್ತಿಲ್ಲದಿದ್ದರೆ ಸಿಪ್ಪೆ ಸಮೇತ ಸುತ್ತಿ ಹಾಗೇ ಮಾರಿ. ಮಾರುವ ದಿನ ತಾಮ್ರ, ಅಲ್ಯೂಮಿನಿಯಂ ಕಿಟಕಿ ಚೌಕಟ್ಟು, ಕಬ್ಬಿಣ ಮೂರನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ತೂಗಿಸಿ. ಚೌಕಟ್ಟಿನ ಕಬ್ಬಿಣದ ಸ್ಕ್ರೂ, ರಬ್ಬರನ್ನು ಮನೆಯಲ್ಲೇ ಬಿಚ್ಚಿಟ್ಟುಕೊಂಡರೆ ತೂಗುವಾಗ ಚೌಕಾಸಿ ಮಾಡುವ ಕೆಲಸ ಇರುವುದಿಲ್ಲ.