ಈಟನ್ ಸ್ಕ್ವೇರ್‌ನ ನೀಲಿ ಫಲಕ: ಅದು ಪೀಬಾಡಿಯವರ ಸ್ವಂತ ಮನೆಯಾ?

ಲಂಡನ್‌ನ ಈಟನ್ ಸ್ಕ್ವೇರ್ 80ನೇ ನಂಬರಿನ ಗೋಡೆ ಮೇಲಿನ ನೀಲಿ ಫಲಕದಲ್ಲಿ (ಹೆಸರಾಂತರ ನಂಟಿರುವ ಕಟ್ಟಡಗಳಿಗೆ ಹಾಕುವ ಗುರುತು) ಜಾರ್ಜ್ ಪೀಬಾಡಿ ಹೆಸರು ನೋಡಿ, ಅದು ಅವರದೇ ಮನೆಯಾ, ಒಳಗೆ ಬಿಡ್ತಾರಾ ಅಂತ ಕೇಳಿದ್ದೀರಿ. ಸ್ವಂತದ್ದಲ್ಲ, ಗೆಳೆಯ ಕರ್ಟಿಸ್ ಲ್ಯಾಂಪ್ಸನ್ ಅವರದ್ದು. ಫಲಕವನ್ನು ಇನ್ನೊಮ್ಮೆ ಓದಿ, ನೀಲಿ ಬಿಲ್ಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಇಲ್ಲಿ ತೀರಿಕೊಂಡರು’ ಅಂತಿದೆಯೇ ಹೊರತು ‘ಇಲ್ಲಿ ವಾಸವಿದ್ದರು’ ಅಂತಿಲ್ಲ, ಅಲ್ವಾ? 1869ರ ನವೆಂಬರ್ 4ರಂದು ಅಲ್ಲೇ ಕೊನೆಯುಸಿರೆಳೆದರು.

ಮನುಷ್ಯ ಅಮೆರಿಕದವರು, ಬ್ಯಾಂಕ್ ವ್ಯವಹಾರದಲ್ಲಿ ಚೆನ್ನಾಗಿ ದುಡಿದವರು, ಆದರೆ 1862ರಲ್ಲಿ ಲಂಡನ್ ಬಡವರಿಗೆ ಮನೆ ಕಟ್ಟಿಸೋಕೆ ಅಂತ 1,50,000 ಪೌಂಡ್ ಕೊಟ್ಟರು, ಆಮೇಲೆ ಅದು 5,00,000ಕ್ಕೆ ಏರಿತು. ಮೊದಲ ಕಟ್ಟಡ ಸ್ಪಿಟಲ್‌ಫೀಲ್ಡ್ಸ್‌ನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ 1864ರಲ್ಲಿ ತೆರೆಯಿತು. ಆ ಹಣದಿಂದ ಶುರುವಾದ ಪೀಬಾಡಿ ಟ್ರಸ್ಟ್ ಇವತ್ತಿಗೂ ಮನೆ ಬಾಡಿಗೆಗೆ ಕೊಡುತ್ತಿದೆ! ನನ್ನ ಮಟ್ಟಿಗೆ ಫಲಕಕ್ಕಿಂತ ಅದೇ ದೊಡ್ಡ ಗುರುತು. ಕೆಲವು ದಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚ್‌ನಲ್ಲಿಟ್ಟಿದ್ದ ಅವರ ದೇಹವನ್ನು ಬ್ರಿಟಿಷ್ ಯುದ್ಧನೌಕೆಯಲ್ಲೇ ಅಮೆರಿಕಕ್ಕೆ ಕಳಿಸಿದರು.

ಇನ್ನು ಒಳಗೆ ಹೋಗೋದು: ನೀಲಿ ಫಲಕ ಇದೆ ಅಂದ ಮಾತ್ರಕ್ಕೆ ಮ್ಯೂಸಿಯಂ ಅಂತಲ್ಲ, ಸುಮ್ನೆ ಬೆಲ್ ಒತ್ತಬೇಡಿ. ಟೈಮ್ ಇದ್ರೆ ಲಂಡನ್‌ನ ಹಳೆಯ ವ್ಯಾಪಾರ ಕೇಂದ್ರ ರಾಯಲ್ ಎಕ್ಸ್‌ಚೇಂಜ್ ಹತ್ತಿರ ಹೋಗಿ, ಕುರ್ಚಿಯಲ್ಲಿ ಆರಾಮಾಗಿ ಕೂತ ಪೀಬಾಡಿ ಪ್ರತಿಮೆ ಇದೆ. ಅವರು ಬದುಕಿದ್ದಾಗಲೇ ಇಟ್ಟಿದ್ದು.