ಮನೆ ಮಾರುವಾಗ ಫ್ರಿಜ್, ಚಿಮಣಿಯನ್ನೂ ಬಿಟ್ಟುಕೊಡಬೇಕೆ?

ಪ್ರಶ್ನೆ: ಮನೆ ಮಾರಾಟಕ್ಕಿಟ್ಟಿದ್ದೇವೆ. ಅಡುಗೆಮನೆಯಲ್ಲಿ ಚಿಮಣಿ, ಕಟ್ಟೆಯ ಕಲ್ಲು ಕೊರೆದು ಕೂರಿಸಿದ ಗ್ಯಾಸ್ ಒಲೆ (ಹಾಬ್), ಡಿಶ್‌ವಾಷರ್, ಎಂಟು ವರ್ಷದ ಫ್ರಿಜ್ ಇವೆ. ನೋಡಲು ಬಂದವರೆಲ್ಲ ‘ಇವೂ ಸೇರಿಯೇ ತಾನೆ?’ ಎನ್ನುತ್ತಾರೆ. ಏನು ಹೇಳುವುದು?

ಉತ್ತರ: ಕಿತ್ತರೆ ಗೋಡೆಯಲ್ಲೋ ಕಲ್ಲಿನಲ್ಲೋ ತೂತು ಉಳಿಯುವಂಥದ್ದನ್ನು ಮನೆಯ ಜೊತೆಗೇ ಬಿಡಿ. ಪ್ಲಗ್ ತೆಗೆದು ಎತ್ತಿಕೊಂಡು ಹೋಗುವಂಥದ್ದು ನಿಮ್ಮ ಇಷ್ಟ.

ಹಾಬ್ ವಿಷಯದಲ್ಲಂತೂ ಹಿಂದೆಮುಂದೆ ನೋಡಬೇಡಿ. 60 ಸೆಂ.ಮೀ. ಹಾಬ್‌ಗೆ ಕಲ್ಲನ್ನು ಸಾಮಾನ್ಯವಾಗಿ 56 ಸೆಂ.ಮೀ. ಆಸುಪಾಸಿನ ಅಗಲಕ್ಕೆ ಕೊರೆದಿರುತ್ತಾರೆ, ಆದರೆ ಅಳತೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಚಿಕ್ಕದಾದ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡಲಾಗದು. ನೀವು ಹಾಬ್ ಒಯ್ದರೆ ಕೊಂಡವರು ಅದೇ ಅಳತೆಯದನ್ನು ಹುಡುಕಬೇಕು, ಕಲ್ಲನ್ನು ಇನ್ನಷ್ಟು ಕೊರೆಸಬೇಕು, ಇಲ್ಲವೇ ಕಟ್ಟೆಯ ಕಲ್ಲನ್ನೇ ಬದಲಿಸಬೇಕು. ಆ ಖರ್ಚನ್ನು ಅವರು ಮನೆಯ ಬೆಲೆಯಲ್ಲೇ ಕಳೆಯುತ್ತಾರೆ. ಹೊಸ ಮನೆಯಲ್ಲಿ ನಿಮ್ಮ ಹಾಬ್ ಕೂರುತ್ತದೆಂಬ ಖಾತರಿಯೂ ಇಲ್ಲ. ಚಿಮಣಿಯೂ ಹಾಗೆಯೇ: ಕೊಳವೆ ಹೋದ ತೂತು, ಮೊಳೆಯ ಗುರುತು, ಸುತ್ತಲಿನ ಎಣ್ಣೆ ಜಿಡ್ಡಿನ ಗೆರೆ ಗೋಡೆಯ ಮೇಲೆ ಉಳಿಯುತ್ತವೆ.

ಡಿಶ್‌ವಾಷರ್ ಕಪಾಟಿನೊಳಗೆ ಕೂತಿದ್ದರೆ ಮನೆಯ ಜೊತೆಗೇ ಬಿಡಿ. ಬಿಡಿಯಾಗಿ ನಿಂತಿದ್ದರೆ ಒಯ್ಯಬಹುದು. ಮೊದಲು ನಲ್ಲಿ ಮುಚ್ಚಿ, ಒಳಗಿನ ನೀರು ಪೂರ್ತಿ ಹೊರಹಾಕಿ, ಪೈಪ್ ಕಳಚಿದ ಕಡೆ ಬಿರಡೆ ಹಾಕಿಸಿ. ಹಾಬ್ ಕಳಚಲೇಬೇಕಾದರೆ ಗ್ಯಾಸ್ ಪೈಪನ್ನು ಮಾತ್ರ ತಿಳಿದ ಕೆಲಸಗಾರರಿಂದಲೇ ಬಂದ್ ಮಾಡಿಸಿ.

ಎಂಟು ವರ್ಷದ ಫ್ರಿಜ್‌ಗೆ ಮಾರಾಟದಲ್ಲಿ ದೊಡ್ಡ ಬೆಲೆ ಸಿಗದು. ಸಾಗಿಸುವ ಕೂಲಿ, ಹೊಸ ಮನೆಯ ಜಾಗದ ಅಗಲ ಎರಡನ್ನೂ ಲೆಕ್ಕ ಹಾಕಿ. ಹೊಂದದಿದ್ದರೆ ಚೌಕಾಸಿ ಕೊನೆಗೆ ಬಂದಾಗ ಅದನ್ನು ಸೇರಿಸಿಕೊಡಿ. ಬೆಲೆ ಇಳಿಸುವುದಕ್ಕಿಂತ ಇದು ಮೇಲು. ಒಯ್ಯುವುದಾದರೆ ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಕೂಡಲೇ ಸ್ವಿಚ್ ಹಾಕಿದರೆ ಕಂಪ್ರೆಸರ್ ಕೆಡಬಹುದು.

ಖಂಡಿತ ಬಿಡುವುದಿಲ್ಲ ಎನ್ನುವ ವಸ್ತು ಇದ್ದರೆ, ಮನೆ ತೋರಿಸುವ ಮೊದಲೇ ತೆಗೆದಿಡಿ. ಕಣ್ಣಿಗೆ ಬಿದ್ದದ್ದನ್ನು ಕೊಳ್ಳುವವರು ತಮ್ಮದೆಂದೇ ಎಣಿಸುತ್ತಾರೆ, ಜಗಳ ಹುಟ್ಟುವುದೇ ಅಲ್ಲಿ.

ಪ್ರಶ್ನೆ: ಕರಾರಾದ ಮೇಲೆ, ಕೀಲಿಕೈ ಕೊಡುವ ಮೊದಲು ಯಂತ್ರ ಕೆಟ್ಟರೆ ಯಾರ ಹೊಣೆ?

ಉತ್ತರ: ಕರಾರಿನಲ್ಲಿ ಏನು ಬರೆದಿದೆಯೋ ಅದರ ಮೇಲೆ ನಿಂತಿದೆ. ‘ಅಡುಗೆಮನೆಯ ಸಾಮಾನು ಸಹಿತ’ ಎಂಬ ಒಂದೇ ಸಾಲು ಸಾಲದು. ಪ್ರತಿ ಯಂತ್ರದ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಬರೆಯಿರಿ; ಇಲ್ಲವಾದರೆ ಒಳ್ಳೆಯದನ್ನು ಒಯ್ದು ಹಳೆಯದನ್ನು ಇಟ್ಟರೆಂಬ ಆರೋಪ ಬರಬಹುದು. ‘ಇದ್ದ ಸ್ಥಿತಿಯಲ್ಲಿ’ ಕೊಡುತ್ತೀರೋ, ‘ಹಸ್ತಾಂತರದ ದಿನ ಕೆಲಸ ಮಾಡುವ ಸ್ಥಿತಿಯಲ್ಲಿ’ ಕೊಡುತ್ತೀರೋ, ಸ್ಪಷ್ಟವಾಗಿರಲಿ. ಎರಡನೆಯದನ್ನು ಬರೆದಿದ್ದರೆ ಅಲ್ಲಿಯವರೆಗಿನ ರಿಪೇರಿ ನಿಮ್ಮದೇ. ಗೊತ್ತಿರುವ ದೋಷವನ್ನು ಬಚ್ಚಿಡಬೇಡಿ. ಒಂದು ಬರ್ನರ್ ಹತ್ತುವುದಿಲ್ಲವಾದರೆ ಅದನ್ನೂ ಪಟ್ಟಿಯಲ್ಲಿ ಸೇರಿಸಿ. ಬಿಲ್ ಮತ್ತು ವಾರಂಟಿ ಕಾರ್ಡ್ ಹಸ್ತಾಂತರಿಸಿ, ಆದರೆ ಕೆಲವು ವಾರಂಟಿಗಳು ಮೊದಲು ಕೊಂಡವರಿಗಷ್ಟೇ ಅನ್ವಯಿಸುವುದರಿಂದ ಷರತ್ತು ಓದಿಯೇ ಮಾತು ಕೊಡಿ.