ಬೆಲ್ಲ ಮಾರೋ ಸೈಟ್‌ಗೆ ಈಗಲೇ ಕೋಡ್ ಬರೆಸ್ಬೇಡಿ

ಅಣ್ಣ, ಮಂಡ್ಯ ಹತ್ರ ಆಲೆಮನೆ ಇದೆ, ಬೆಲ್ಲ ಆನ್‌ಲೈನಲ್ಲಿ ಮಾರ್ಬೇಕು, ಕೋಡ್ ಬರೆಯದೇ ಸೈಟ್ ಕಟ್ಕೊಳ್ಳೋ ವಿಕ್ಸ್ ಅನ್ನೋ ಆನ್‌ಲೈನ್ ಸೇವೇಲಿ ನಾನೇ ಮಾಡ್ಕೊಳ್ಲಾ ಇಲ್ಲ ಕೋಡ್ ಬರೆಯೋರ ಹತ್ರ ಮಾಡಿಸ್ಲಾ ಅಂತ ಕೇಳಿದ್ರಲ್ಲ, ಈಗ ವಿಕ್ಸೇ ಸಾಕು. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ, ಇರೋದೇ ಮೂರು ಐಟಂ, ರಾತ್ರಿ ಹೊತ್ತು ಕೂತ್ರೆ ನೀವೇ ಮುಗಿಸ್ತೀರ, ರೇಟ್ ಏರಿಳಿದಾಗ ಯಾರಿಗೂ ಫೋನ್ ಮಾಡಿ ಕಾಯೋದಿಲ್ಲ. ಆದ್ರೆ ವಿಕ್ಸ್ ಸೈಟನ್ನ ಹಾಗೇ ಎತ್ಕೊಂಡು ಬೇರೆ ಹೋಸ್ಟಿಂಗ್‌ಗೆ, ಅಂದ್ರೆ ಸೈಟ್ ಇಡೋ ಬೇರೆ ಕಂಪನಿ ಸರ್ವರ್‌ಗೆ ಹಾಕಕ್ಕಾಗಲ್ಲ, ಬಿಟ್ಟು ಹೋಗೋ ದಿನ ಹೊಸದಾಗೇ ಕಟ್ಬೇಕು, ಇದು ಗೊತ್ತಿರ್ಲಿ. ಫ್ರೀ ಪ್ಲಾನಲ್ಲಿ ಸ್ವಂತ ಡೊಮೈನೂ, ಅಂದ್ರೆ ನಿಮ್ಮದೇ ಹೆಸರಿನ ಸೈಟ್ ಅಡ್ರೆಸ್ಸೂ ಹಾಕಕ್ಕಾಗಲ್ಲ.

ಡೊಮೈನ್ ಮಾತ್ರ ನಿಮ್ಮ ಹೆಸರು, ನಿಮ್ಮ ಇಮೇಲಲ್ಲೇ ತಗೊಳ್ಳಿ. ನಮ್ಮ ಮಾವನ ಅಂಗಡಿಗೆ ಸೈಟ್ ಮಾಡ್ಕೊಟ್ಟೋರು ಅವರ ಹೆಸರಲ್ಲೇ ತಗೊಂಡಿದ್ರು, ರಿನ್ಯೂವಲ್ ಟೈಮಲ್ಲಿ ಫೋನೇ ಎತ್ತಲಿಲ್ಲ, ಕೈಚೀಲದ ಮೇಲೆಲ್ಲಾ ಪ್ರಿಂಟ್ ಹಾಕ್ಸಿದ್ದ ಅಡ್ರೆಸ್ಸೇ ಹೋಯ್ತು, ಪಾಪ ತುಂಬಾ ನೊಂದ್ಕೊಂಡ್ರು.

ಇನ್ನೊಂದು, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿಸಿರೋದನ್ನ ಹಾಗೇ ಪೇಸ್ಟ್ ಮಾಡ್ಬೇಡಿ, ಗಿರಾಕಿ ಮೊಬೈಲಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿಟ್ಟಂಗೆ ಕಾಣುತ್ತೆ, ಎಲ್ಲಾ ಮೊಬೈಲಲ್ಲೂ ಕನ್ನಡ ಸರಿಯಾಗಿ ಕಾಣೋ ಯೂನಿಕೋಡ್‌ಗೆ ಬದಲಾಯಿಸಿ ಹಾಕಿ. ಹೋಲ್‌ಸೇಲ್‌ನೋರಿಗೆ ಒಬ್ಬೊಬ್ರಿಗೆ ಒಂದೊಂದು ರೇಟು, ಬಾಕಿ ಲೆಕ್ಕ, ದಿನದ ಸ್ಟಾಕು ಎಲ್ಲಾ ಸೈಟಲ್ಲೇ ಬೇಕು ಅನ್ಸಿದಾಗ ಕೋಡ್ ಬರೆಸೋ ಮಾತಾಡೋಣ, ಆಗ ಇಲ್ಲೇ ಕೇಳಿ, ಹೇಳ್ತೀನಿ.